ಕರಿ ಸೋಫಾ

ಅಪ್ಪಾ,

ಇವತ್ತು ಹೊಸದುರ್ಗದ ಅಂಗಡಿಯಲ್ಲಿ ಹೊಸ ಸೋಫಾ ಆರಿಸಿದೆವು. ಹಳೆಯದು ನಿನಗೆ ಗೊತ್ತಲ್ಲ, ಹಾಲಿನ ಬಣ್ಣದ್ದು. ಮತ್ತೋಡಿನಿಂದ ಕರಿ ಕಂಬಳಿ ಹೊದ್ದು ನನ್ನನ್ನು ನೋಡಲು ಬಂದಾಗಲೆಲ್ಲ ನೀನು ಅದರ ಪಕ್ಕ ನೆಲದ ಮೇಲೇ ಕೂರುತ್ತಿದ್ದೆ. "ಕಂಬಳಿ ಕೂದ್ಲು ಅಂಟ್ಕಂತವೆ ಕಣವ್ವ, ನಂಗೆ ಇಲ್ಲೇ ಚೆನ್ನಾಗೈತೆ" ಅನ್ನುತ್ತಿದ್ದೆ. ನಾನು ಟೀ ತಂದು ಅಲ್ಲೇ ಕೆಳಗಿಡುತ್ತಿದ್ದೆ.

ಅಂಗಡಿಯಲ್ಲಿ ನನ್ನ ಕೈ ತಾನಾಗಿ ಕರಿ ಸೋಫಾದ ಮೇಲೆ ಹೋಯಿತು. "ಇದೇ ಇರ್ಲಿ, ಕಂಬಳಿ ಕೂದ್ಲು ಕಾಣಲ್ಲ" ಅಂದೆ. ನಿನ್ನ ಅಳಿಯ ಮೆಲ್ಲಗೆ ಕೇಳಿದರು, "ಮಾವ ಹೋಗಿ ವರ್ಷ ಆಯ್ತಲ್ಲೇ, ಇನ್ಯಾರ ಕಂಬಳಿ?"

ಆದರೂ ಕರಿಯದನ್ನೇ ತಂದೆ. ಸಂಜೆ ಎಲ್ಲರೂ ಅದರ ಮೇಲೆ ಕೂತರು. ನಾನು ಟೀ ಹಿಡಿದು ನೀನು ಕೂರುತ್ತಿದ್ದ ಜಾಗದಲ್ಲಿ ಕೂತೆ.

ಅಲ್ಲಿಂದ ಸೋಫಾ ಎಷ್ಟು ಎತ್ತರ ಕಾಣುತ್ತದೆ, ಅಪ್ಪಾ.

ನಿನ್ನ ಜಯಶೀಲಾ