ನಾಲ್ಕನೆಯ ಬಣ್ಣ

6-6-78, ಮಂಗಳವಾರ

ರೊಟ್ಟಿ ಬಡಿದಾಯಿತು, ಮಗಳನ್ನು ಸ್ಕೂಲಿಗೆ ಬಿಟ್ಟಾಯಿತು. ಹನ್ನೊಂದಕ್ಕೆ ಟೇಬಲ್ ಮುಂದೆ. ಮೂರನೇ ಚಾಪ್ಟರ್. ತಿಂಗಳ ಕೊನೆಗೆ ಕಾಲೇಜು ಕೊಟ್ಟ ಸ್ಟಡಿ ಲೀವ್ ಮುಗಿಯುತ್ತದೆ, ಅಷ್ಟರೊಳಗೆ ಥೀಸಿಸ್ ಕೊಡಲೇಬೇಕು. ಎಲ್ಲ ನಿಂತಿರುವುದು ನನ್ನ ಗೈಡ್ ಏಕಾಂತಯ್ಯ ಸಾರ್ ಅವರ ಹಳೇ ಲೆಮ್ಮಾ, ಅಂದರೆ ಒಂದು ಸಣ್ಣ ಪ್ರಮೇಯದ ಮೇಲೆ. ಗ್ರಾಫ್ ಅಂದರೆ ಚುಕ್ಕಿಗಳು, ಅವನ್ನು ಕೂಡಿಸುವ ಗೆರೆಗಳು. ಗೆರೆ ಕೂಡಿಸಿದ ಎರಡು ಚುಕ್ಕಿಗಳಿಗೆ ಬೇರೆ ಬೇರೆ ಬಣ್ಣ ಬರಬೇಕು. ಈ ಜಾತಿಯ ಗ್ರಾಫ್‌ಗೆ ಮೂರು ಬಣ್ಣ ಸಾಕು ಅನ್ನುತ್ತದೆ ಅದು.

ಉದಾಹರಣೆಗೆ ಒಂದು ಚಿತ್ರ ಬೇಕಿತ್ತು. ಮಗಳ ಕ್ರೇಯಾನ್ ತೆಗೆದುಕೊಂಡೆ. ಮೂರು ಬಣ್ಣ ಸಾಲುತ್ತಿಲ್ಲ... ನನ್ನದೇ ತಪ್ಪಿರಬೇಕು. ಸುಸ್ತು.

9-6-78

ತಪ್ಪು ನನ್ನದಲ್ಲ. ಎಷ್ಟು ಸಲ ಹಾಕಿದರೂ ನಾಲ್ಕನೆಯ ಬಣ್ಣ ಬೇಕು. ಸಾರ್ ಅವರ ಪ್ರೂಫ್ ಮತ್ತೆ ಓದಿದೆ. ಚಿಕ್ಕ ಗ್ರಾಫ್‌ಗೆ ಒಂದೊಂದೇ ಚುಕ್ಕಿ ಸೇರಿಸಿ ದೊಡ್ಡದು ಮಾಡುತ್ತಾ ಹೋಗಿದ್ದಾರೆ. ಹಾಗೆ ಸೇರಿಸಿ ಮಾಡಲಾಗದ ಗ್ರಾಫ್‌ಗಳೂ ಇವೆ. ಅದನ್ನು ನೋಡೇ ಇಲ್ಲ. ನಾನೂ ನೋಡಿರಲಿಲ್ಲ.

ನಾಲ್ಕು ವರ್ಷ ಮಣ್ಣುಪಾಲು.

16-6-78

ಇವರಿಗೆ ಹೇಳಿದೆ.

“ಹೋಗಿ ಹೇಳ್ಬಿಡೇ ಅವ್ರಿಗೆ.”

“ಗೈಡ್ ರೀ ಅವ್ರು.”

“ಆದ್ರೇನು? ಲೆಕ್ಕ ತಪ್ಪಿದ್ರೆ ತಪ್ಪು ತಾನೆ?”

ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಎಲ್ಲ ಸುಲಭ.

19-6-78, ಸೋಮವಾರ

ಜ್ಞಾನಭಾರತಿ, ಯೂನಿವರ್ಸಿಟಿ ಕ್ಯಾಂಪಸ್. ಬಸ್ಸಿನಲ್ಲಿ ನಿಂತೇ ಹೋದೆ. ಸಾರ್ ಹಾಳೆ ನೋಡಿದರು. ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ.

“ನಿಂಗೂ ಸಿಕ್ತಾ?”

“ನಿಮ್ಗೆ ಗೊತ್ತಿತ್ತಾ ಸಾರ್?”

“ನಂಗೆ ಸಿಕ್ಕಿ ಆರು ವರ್ಷ ಆಯ್ತು ಕಣಮ್ಮ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.”

“ಮತ್ತೆ ನಂಗ್ಯಾಕೆ ಈ ಟಾಪಿಕ್ ಕೊಟ್ರಿ ಸಾರ್?”

“ನೀನು ಸರಿಮಾಡ್ತೀಯ ಅಂದ್ಕೊಂಡೆ. ಇರ್ಲಿ. ಎಕ್ಸಾಮಿನರ್ ಅಷ್ಟು ಒಳಗೆ ಹೋಗಲ್ಲ, ಥೀಸಿಸ್ ಹಂಗೇ ಕೊಟ್ಬಿಡು, ಸೈನ್ ಹಾಕ್ತೀನಿ. ಆಮೇಲೆ ಈ ಚಿತ್ರ ಪೇಪರ್ ಮಾಡೋಣ. ನಿನ್ ಹೆಸ್ರು, ನನ್ ಹೆಸ್ರು.”

ವಿದ್ಯಾರ್ಥಿಯ ಪೇಪರ್ ಮೇಲೆ ಗೈಡ್ ಹೆಸರು ಇರುವುದು ಪದ್ಧತಿ. “ಆಗ್ಲಿ ಸಾರ್” ಅಂದೆ. ಅವರು ತರಿಸಿದ ಕಾಫಿಯನ್ನೂ ಕುಡಿದೆ. ಬಸ್ ಸ್ಟಾಪಿಗೆ ಬಂದ ಮೇಲೆ ಸಿಟ್ಟು ಬಂತು. ಅವರ ಮೇಲೆ, ಆ ಕಾಫಿ ಕುಡಿದ ನನ್ನ ಮೇಲೆ. ಸೆರಗು ಬಾಯಿಗೆ ಅಡ್ಡ ಹಿಡಿದು ಅತ್ತೆ.

26-6-78, ಸಂಜೆ

ಥೀಸಿಸ್ ಕೊಡಲಿಲ್ಲ. ಸುಳ್ಳು ಅಂತ ಗೊತ್ತಿದ್ದೂ ಕೊಡಲು ಕೈ ಬರಲಿಲ್ಲ. ಆ ಚಿತ್ರದ ಮೇಲೆ ಎರಡು ಪುಟದ ಪೇಪರ್ ಬರೆದು ರಾಜಾಜಿನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋದೆ. ಅಲ್ಲಿ ವಿಮಲಮ್ಮ ನನ್ನ ಹೆಸರು ಟೈಪ್ ಮಾಡಿ ನಿಲ್ಲಿಸಿದರು. ನನ್ನ ಹಳೇ ಪೇಪರುಗಳನ್ನೂ ಅವರೇ ಟೈಪ್ ಮಾಡಿದ್ದು.

“ಮೇಷ್ಟ್ರ ಹೆಸ್ರು ಕೆಳಗೆ ಹಾಕ್ಲಾ ಮೇಡಂ, ಪಕ್ಕದಲ್ಲೇನಾ?”

“ಬೇಡ.”

“ಮರ್ತಿದೀರೇನೋ...”

“ಮರ್ತಿಲ್ಲ. ನಾನೊಬ್ಳೇ.”

ಇನ್ನು ಸಾರ್ ಸೈನ್ ಹಾಕುವುದಿಲ್ಲ. ಡಾಕ್ಟರೇಟ್ ಇಲ್ಲ. ಶನಿವಾರದಿಂದ ಕಾಲೇಜು, ಪಿಯುಸಿ ಹುಡುಗಿಯರಿಗೆ ಮತ್ತೆ ಅದೇ ಟ್ರಿಗನಾಮೆಟ್ರಿ. ಮನೆಗೆ ಬಂದು ಇವರಿಗೆ ಹೇಳಿದೆ. “ಒಳ್ಳೇದಾಯ್ತು ಬಿಡು” ಅಂದರು. ಯಾವುದು ಒಳ್ಳೆಯದಾಯಿತು ಅಂತ ಕೇಳೋಣ ಅಂದುಕೊಂಡೆ, ಆದರೆ ಅಷ್ಟರಲ್ಲಿ ಮಗಳು ತನ್ನ ಕ್ರೇಯಾನ್ ಕೇಳುತ್ತಾ ಬಂದಳು.