ಜೋಡಿ ಗ್ಲಾಸು

ಮಹಡಿ ಮನೆ, ಕಿಟಕಿ ಪಕ್ಕದ ಮೇಜು
ಮಾರ್ಚ್ 14, ಗುರುವಾರ, ಮಧ್ಯಾಹ್ನ

ನನ್ನ ನಾಯಿಮೂಗಿನ ಮಗಳಿಗೆ,

ಅಪ್ಪನ ಆಶೀರ್ವಾದ. ಹೇಗಿದ್ದೀಯ? ಬೆಳಗಿನ ಹೊತ್ತು ಮೂಗು ಕಟ್ಟುವುದು ಕಡಿಮೆಯಾಯಿತಾ? ಅಳಿಯಂದಿರ ಮಂಡಿನೋವು ಹೇಗಿದೆ? ಮೊಮ್ಮಗಳಿಗೆ ಹಾಲುಹಲ್ಲು ಪೂರ್ತಿ ಬಂದಿರಬೇಕು. ನಾನು ಚೆನ್ನಾಗಿದ್ದೇನೆ. ಅಂದರೆ ಬಿಪಿ ಇದ್ದಲ್ಲೇ ಇದೆ, ಕನ್ನಡಕ ಮಾತ್ರ ಇಟ್ಟಲ್ಲಿ ಇರುವುದಿಲ್ಲ. ನಾಯಿಮೂಗು ಅಂದೆನೆಂದು ಸಿಟ್ಟಾಗಬೇಡ. ನಿನ್ನಮ್ಮ ಇದ್ದಿದ್ದರೆ "ಮದುವೆಯಾದ ಮಗಳಿಗೆ ಹೀಗೆ ಬರೀತಾರೇನ್ರೀ" ಎಂದು ಕಾಗದ ಕಿತ್ತುಕೊಳ್ಳುತ್ತಿದ್ದಳು. ಆದರೆ ಐದನೇ ವಯಸ್ಸಿಗೇ ಬಾಗಿಲಲ್ಲಿ ನಿಂತು, ನನ್ನ ಅಂಗಿಯ ತೋಳು ಮೂಸಿ, "ಅಪ್ಪಾ, ಇವತ್ತು ಕೆಂಪು, ಬಿಳೀದಲ್ಲ" ಅನ್ನುತ್ತಿದ್ದವಳಿಗೆ ಬೇರೆ ಏನು ಹೆಸರಿಡಲಿ?

ಇದು ಮೂರನೇ ಹಾಳೆ. ಮೊದಲಿನ ಎರಡನ್ನೂ ಹರಿದೆ. ನಡುವೆ ಎದ್ದು ಕಿಟಕಿ ಮುಚ್ಚಿದೆ, ಸೆಖೆಯಾಯಿತೆಂದು ಮತ್ತೆ ತೆಗೆದೆ, ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆದೆ. ವಿಷಯ ಇಷ್ಟೇ. ಶನಿವಾರ ನನ್ನ ಕೆಲಸದ ಕೊನೆಯ ದಿನ. ವೈನಿನ ರುಚಿ ನೋಡುವ ಮೇಜಿನಲ್ಲಿ ನನ್ನ ಕುರ್ಚಿಗೆ ಯಾರು ಬರಬೇಕೆಂದು ಅಷ್ಟರೊಳಗೆ ಹೆಸರು ಬರೆದುಕೊಡಿ ಅಂತ ಯಜಮಾನರು ಹೇಳಿದ್ದಾರೆ. ನನಗೆ ಹೊಳೆಯುವುದು ಒಂದೇ ಹೆಸರು, ಅದನ್ನು ಆರು ವರ್ಷದ ಹಿಂದೆ ಹೊಡೆದುಹಾಕಿದವನೂ ನಾನೇ. ಅಂದಿನಿಂದ ಈ ಮನೆಗೆ ನೀನು ಬಂದದ್ದು ಒಂದೇ ಸಲ, ಅಮ್ಮ ಹೋದಾಗ. ಅವತ್ತೂ ನನ್ನ ಹತ್ತಿರ ಆಡಿದ್ದು ಒಂದೇ ಮಾತು, "ಊಟ ಮಾಡಿ" ಅಂತ.

ಈ ವಾರ ಪೂರ್ತಿ ಪೋರ್ಚುಗೀಸರದ್ದೇ ದರಬಾರು. ಊಟದ ಜೊತೆ ಕುಡಿಯುವ ವೈನು ಹನ್ನೆರಡು, ಊಟವಾದ ಮೇಲೆ ಗುಟುಕರಿಸುವ ಸಿಹಿ ಪೋರ್ಟು ವೈನು ನಾಲ್ಕು. ಬಾಟಲಿಗೆಲ್ಲ ಕಾಗದದ ಚೀಲ ತೊಡಿಸಿ, ನಂಬರು ಬರೆದು, ಗ್ಲಾಸಿನಕ್ಕ ಪರದೆಯ ಹಿಂದಿನಿಂದ ಟ್ರೇ ತಂದಿಡುತ್ತಾಳೆ. ಗ್ಲಾಸು ತೊಳೆಯುವ, ತುಂಬುವ ಕೆಲಸ ಇನ್ನೂ ಅವಳದ್ದೇ, ನಮಗಿಂತ ಚೆನ್ನಾಗಿ ನಮ್ಮ ಮೂಗು ಬಲ್ಲವಳು. "ಇವತ್ತು ಯಾರೋ ತಲೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದೀರಿ, ಹೋಗಿ ತೊಳ್ಕೊಂಡು ಬನ್ನಿ" ಎಂದು ಯಜಮಾನರನ್ನೇ ಗದರಿದಳು. ವಿನ್ಯೊ ವೆರ್ದೆ ಅನ್ನುವ ಎಳೆಯದು, ನಾಲಿಗೆ ಮೇಲೆ ಚುಮುಚುಮು ಅಂದು, ಬಾಗಿಲು ತಟ್ಟಿ ಓಡಿಹೋಗುವ ಮಕ್ಕಳ ಹಾಗೆ ಮಾಯ. ದಾವ್ ಸೀಮೆಯ ಕೆಂಪು ನಿನ್ನ ದೊಡ್ಡಪ್ಪನ ಥರ, ತಾನಾಗಿ ಮಾತಾಡುವುದಿಲ್ಲ, ಅರ್ಧ ಗಂಟೆ ಗಾಳಿಗಿಟ್ಟರೆ ನಿಲ್ಲಿಸುವುದಿಲ್ಲ. ದೋರು ಕಣಿವೆಯ ಕೆಂಪು ಮೂರು ಬಂದಿದ್ದವು, ಒಂದಕ್ಕೆ ಇಪ್ಪತ್ತರಲ್ಲಿ ಹದಿನಾರು ಕೊಟ್ಟೆ, ಇನ್ನೊಂದು ಬಾಯಿಗೆ ಬಂದ ಕೂಡಲೇ ಪೀಪಾಯಿಯ ಮರವನ್ನೇ ಕಡಿದ ಹಾಗಾಯಿತು, ಹತ್ತು. ವರದಿಯಲ್ಲಿ "ನಾಟ್‌ವಿತ್‌ಸ್ಟಾಂಡಿಂಗ್ ದಿ ಕಲರ್" ಎಂದು ಬರೆದೆ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಕಲಿಸಿದ ಆ ಪದದ ಅರ್ಥ ಅರ್ಧ ಮರೆತಿದ್ದೇನೆ, ಆದರೆ ಬರೆದರೆ ಹಾಳೆಗೆ ಒಂದು ಗತ್ತು ಬರುತ್ತದೆ. ನಲವತ್ತು ವರ್ಷದಲ್ಲಿ ಯಾರೂ ತಿದ್ದಿಲ್ಲ, ಬಹುಶಃ ಅವರೂ ಮರೆತಿದ್ದಾರೆ.

ಪೋರ್ಟಿನಲ್ಲಿ ಟಾನಿ ಎರಡು ಇದ್ದವು. ವರ್ಷಗಟ್ಟಲೆ ಪೀಪಾಯಿಯಲ್ಲಿ ಕೂತು ಕೂತು ಕಂದು ಬಣ್ಣಕ್ಕೆ ತಿರುಗಿದವು, ಒಣ ಅಂಜೂರ, ಅಕ್ರೋಟು, ಹಳೇ ಬೀರುವಿನ ಒಳಗಿನ ವಾಸನೆ. ಅದು ಗಟ್ಟಿ ಜೀವ, ಬಿರಡೆ ತೆಗೆದರೂ ವಾರಗಟ್ಟಲೆ ತಾಳುತ್ತದೆ. ವಿಂಟೇಜ್ ಪೋರ್ಟು ಹಾಗಲ್ಲ. ಬಾಟಲಿಯೊಳಗೆ ಇಪ್ಪತ್ತು ವರ್ಷ ಮುಚ್ಚಿಕೊಂಡಿದ್ದರೂ ಸರಿಯೇ, ಗಾಳಿ ಸೋಕಿದ ಎರಡೇ ದಿನಕ್ಕೆ ಮುಖ ಬಾಡುತ್ತದೆ. ಇದನ್ನೆಲ್ಲ ನಿನಗೆ ಯಾಕೆ ಹೇಳುತ್ತಿದ್ದೇನೋ, ನಿನಗೆ ಕಲಿಸಿದವನೇ ನಾನು. ಪುರಸಭೆಯ ಲ್ಯಾಬಿನಲ್ಲಿ ಕುಡಿಯುವ ನೀರಿನ ವಾಸನೆ ನೋಡುವ ಕೆಲಸದಲ್ಲಿ ಇದೆಲ್ಲ ಮರೆತುಹೋಗಿಲ್ಲ ತಾನೇ? ನೀರಿನಂಥ ನೀರಿಗೆ ಅಂಥ ಮೂಗು. ಚಿನ್ನದ ತಕ್ಕಡಿಯಲ್ಲಿ ಮರಳು ತೂಗಿದ ಹಾಗೆ ಅಂತ ನಿನ್ನಮ್ಮ ನನಗೆ ಕೇಳುವಂತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ಅವಳ ಬಾಯಿಂದ ನಾನೇನೂ ತಪ್ಪಿಸಿಕೊಂಡವನಲ್ಲ. ರುಚಿ ನೋಡಿದ್ದನ್ನು ನಾವು ನುಂಗದೆ ಉಗುಳುತ್ತೇವಲ್ಲ, "ನಮ್ಮೆಜಮಾನ್ರಿಗೆ ಉಗುಳೋದಕ್ಕೆ ಸಂಬಳ" ಎಂದು ನೆಂಟರ ಮುಂದೆಲ್ಲ ಹೇಳಿ ನಗಿಸುತ್ತಿದ್ದಳು.

ನಾಲ್ಕನೇ ಪೋರ್ಟು ನಿನ್ನೆ ಬಂತು, ವಿಂಟೇಜು. ಚೀಲ ತೊಡಿಸಿದ್ದರೂ ಗ್ಲಾಸು ಮೂಗಿನ ಹತ್ತಿರ ತಂದ ಕೂಡಲೇ ಗೊತ್ತಾಯಿತು, ಆರು ವರ್ಷದ ಹಿಂದೆ ಈ ಮೇಜಿಗೆ ಸೇರಲು ನೀನು ಕೊಟ್ಟ ಪರೀಕ್ಷೆಯ ದಿನದ್ದು. ಅದೇ ತೋಟ, ಅದೇ ವರ್ಷ. ಪೆನ್ಸಿಲ್ ಹಿಡಿದು ಕೂತೆ, ಅಂಕ ಬರಲಿಲ್ಲ. ಸರ್ವೀಸಿನಲ್ಲಿ ಮೊದಲ ಸಲ ಅಂಕದ ಹಾಳೆಯಲ್ಲಿ ಒಂದು ಮನೆ ಖಾಲಿ ಬಿಟ್ಟೆ. ಗ್ಲಾಸಿನಕ್ಕ ಬಗ್ಗಿ ನೋಡಿ, "ಯಾಕೆ ಸಾರ್, ನಿಮ್ಮ ಹಳೇ ನೆಂಟನ ಗುರುತು ಸಿಗಲಿಲ್ವಾ?" ಎಂದಳು. ಗುರುತು ಸಿಕ್ಕಿದ್ದಕ್ಕೇ ತಾಯಿ ಈ ಅವಸ್ಥೆ, ಅಂದುಕೊಂಡು ಟ್ರೇ ಆಚೆ ತಳ್ಳಿದೆ.

ಆ ಶುಕ್ರವಾರವನ್ನು ನೀನೂ ಮರೆತಿರಲಾರೆ. ಎಂಟು ಜನ ಅಭ್ಯರ್ಥಿಗಳು, ಹತ್ತು ಗ್ಲಾಸು, ಅದರಲ್ಲಿ ಒಂದು ಜೋಡಿ ಗ್ಲಾಸು. ಒಂದೇ ವೈನನ್ನು ಎರಡು ನಂಬರಿನಲ್ಲಿ ಇಟ್ಟು, ನಾಲಿಗೆ ಸ್ಥಿರವಾಗಿದೆಯೋ ಇಲ್ಲವೋ ಅಳೆಯುವ ನಮ್ಮ ಹಳೇ ಬಲೆ. ಜೋಡಿ ಇದೆ ಅಂತ ಎಲ್ಲರಿಗೂ ಗೊತ್ತು, ಯಾವುದು ಅಂತ ಗೊತ್ತಿಲ್ಲ. ಅನುಮಾನ ಬಂದರೆ ಬುದ್ಧಿವಂತರು ಎರಡಕ್ಕೂ ನಡುಮಧ್ಯದ ಅಂಕ ಬರೆದು ಪಾರಾಗುತ್ತಾರೆ. ಏಳು ಜನ ಪಾರಾದರು. ಒಂದು ಹಾಳೆಯಲ್ಲಿ ಮಾತ್ರ ಆ ಪೋರ್ಟಿನ ಜೋಡಿಗೆ, ಮೂರನೇ ಗ್ಲಾಸಿಗೆ ಒಂಬತ್ತು, ಎಂಟನೆಯದಕ್ಕೆ ಹದಿನೇಳು. ಹಾಳೆಗಳ ಮೇಲೆ ಹೆಸರಿರುವುದಿಲ್ಲ, ಆದರೆ ನಿನಗೆ ಅಕ್ಷರ ತಿದ್ದಿಸಿದ ಕೈಗೆ ನಿನ್ನ ಅಕ್ಷರ ಗೊತ್ತಾಗದಿರುತ್ತದೆಯೇ. ಒಂಬತ್ತರ ಕೆಳಗೆ ನೀನು ಒಂದು ಸಾಲು ಬರೆದಿದ್ದೆ. ಆ ಸಾಲಿಗೆ ಬರುತ್ತೇನೆ, ಬರುತ್ತೇನೆ. ಅದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ "ಕ್ಯಾಂಡಿಡೇಟ್ ಲ್ಯಾಕ್ಸ್ ಕನ್ಸಿಸ್ಟೆನ್ಸಿ" ಎಂದು ಬರೆದು ಸಹಿ ಹಾಕಿದೆ. ನಿಲ್ಲದ ನಾಲಿಗೆ ಅಂತ ಅದರ ಅರ್ಥ. ಸಂಜೆ ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ, "ನಾನು ಬರೆದದ್ದನ್ನ ಓದಿದ್ರಾ ಅಪ್ಪಾ?" ಅಂತ. ಓದುವಂಥದ್ದೇನೂ ಇರಲಿಲ್ಲ ಅಂದುಬಿಟ್ಟೆ. ಮೇಜಿನವರೆಲ್ಲ ನನ್ನನ್ನು ಹೊಗಳಿದ್ದೇ ಹೊಗಳಿದ್ದು, ಮಗಳು ಅಂತಲೂ ನೋಡಲಿಲ್ಲ, ಎಂಥ ನಿಷ್ಠೆ ಅಂತ. ಯಜಮಾನರು ಕೈ ಕುಲುಕಿದರು. ನನ್ನ ಬೀಳ್ಕೊಡುಗೆಯ ಭಾಷಣದಲ್ಲೂ ಅದನ್ನೇ ಹೇಳುತ್ತಾರಂತೆ. ಕೇಳಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಅಂಚೆಪೆಟ್ಟಿಗೆಯವರೆಗೆ ಹೋಗಿ ಬಂದೆ, ಕಾಗದ ಮುಗಿಯುವ ಮೊದಲೇ. ಕಾಲಿಗೆ ಏನಾದರೂ ಕೆಲಸ ಬೇಕಲ್ಲ. ಇನ್ನು ಮುಗಿಸುತ್ತೇನೆ. ಅಳಿಯಂದಿರಿಗೆ ನೆನಪು ತಿಳಿಸು, ಮೊಮ್ಮಗಳ ಕೆನ್ನೆ ನನ್ನ ಪರವಾಗಿ ಹಿಂಡು. ನಿನ್ನ ಮೂಗು ನೂರು ಕಾಲ ಚುರುಕಾಗಿರಲಿ.

ಇಂತಿ,
ಉಗುಳಿ ಬದುಕಿದ ನಿನ್ನ
ಅಪ್ಪ

ತಾ.ಕ.: ಇವತ್ತು ಶುಕ್ರವಾರ. ನಿನ್ನೆ ಅಂಟು ಹಚ್ಚಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ, ಅಕ್ಷರ ಓಡಿದರೆ ಹೊಂದಿಸಿಕೊಂಡು ಓದು. ಆ ಪರೀಕ್ಷೆಯ ವಾರದ ಸೋಮವಾರ ನಿನ್ನಮ್ಮನ ಹುಟ್ಟಿದ ದಿನ. ನೀನು ಹಾಸ್ಟೆಲಿನಲ್ಲಿದ್ದೆ. "ಇಷ್ಟು ವರ್ಷ ಉಗುಳಿದ್ದೀರಿ, ನುಂಗೋದಕ್ಕೆ ಅಂತ ಒಂದು ದಿನ ನನಗೂ ತನ್ನಿ" ಎಂದಿದ್ದಳು. ಆಫೀಸಿನ ಕಪಾಟಿನಿಂದ ಆ ಪೋರ್ಟನ್ನು ಚೀಲದಲ್ಲಿ ಅಡಗಿಸಿ ತಂದೆ. ಇಬ್ಬರೂ ಸ್ಟೀಲ್ ಲೋಟದಲ್ಲಿ ಕುಡಿದೆವು. "ಇಷ್ಟು ಚೆನ್ನಾಗಿರೋದನ್ನ ಉಗುಳ್ತೀರಲ್ಲ, ನಾಚಿಕೆ ಆಗಲ್ವಾ?" ಅಂದಳು. ಬೆಳಗ್ಗೆ ಬಿರಡೆ ಒತ್ತಿ ಬಾಟಲಿಯನ್ನು ಇದ್ದಲ್ಲೇ ಇಟ್ಟೆ. ಪರೀಕ್ಷೆಯ ಶುಕ್ರವಾರ ಗ್ಲಾಸಿನಕ್ಕ, ತೆರೆದದ್ದು ಮೊದಲು ಖಾಲಿಯಾಗಲಿ ಅಂತ ಅದನ್ನೇ ಮೂರನೇ ಗ್ಲಾಸಿಗೆ ಸುರಿದು, ಎಂಟಕ್ಕೆ ಹೊಸದನ್ನು ತೆರೆದಳು. ಅವಳದ್ದೇನೂ ತಪ್ಪಿಲ್ಲ. ನಿನ್ನ ಸಾಲು ಓದಿದ ಕ್ಷಣವೇ ನನಗೆ ಗೊತ್ತಾಯಿತು, ಗೊತ್ತಾದ ಮೇಲೇ ಗೀಟು ಎಳೆದದ್ದು. ಬಾಟಲಿ ಮನೆಗೆ ಒಯ್ದವನಿಗೆ ಕೆಲಸವಿಲ್ಲ, ಕೆಲಸ ಹೋದರೆ ಆಸ್ಪತ್ರೆ ಕಾರ್ಡೂ ಇಲ್ಲ, ಅಮ್ಮನ ತಪಾಸಣೆಗಳು ಆಗ ತಾನೇ ಶುರುವಾಗಿದ್ದವು. ನೆಪ ಅಂತಲೇ ಓದಿಕೋ. ಅವಳು ಹೋಗಿ ಮೂರು ವರ್ಷವಾದರೂ ಯಾಕೆ ಬಾಯಿ ಬಿಡಲಿಲ್ಲ ಅಂದರೆ, ಅದಕ್ಕೆ ನನ್ನ ಹತ್ತಿರ ಯಾವ ಕಾರ್ಡೂ ಇಲ್ಲ. ಪಾಪ, ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ, ಅವಳ ಮೇಲೆ ಸಿಟ್ಟಾಗಬೇಡ. ಇದೆಲ್ಲವನ್ನೂ, ಇಂಗ್ಲಿಷಿನಲ್ಲಲ್ಲ, ಬರೆದು ಇವತ್ತು ಬೆಳಗ್ಗೆ ಯಜಮಾನರ ಕೈಗೆ ಕೊಟ್ಟೆ, ಕೊನೆಯಲ್ಲಿ ನಿನ್ನ ಹೆಸರು. ಭಾಷಣ ಇರುವುದಿಲ್ಲ. ಕುರ್ಚಿ ಬೇಕೋ ಬೇಡವೋ ನಿನ್ನಿಷ್ಟ. ಗೀಟಿನ ಅಡಿಯಲ್ಲಿ ನಿನ್ನ ಸಾಲು ಇನ್ನೂ ಓದಲು ಬರುತ್ತದೆ, ನಿನ್ನೆ ಫೈಲು ತೆಗೆಸಿ ನೋಡಿದೆ: "ಚೆನ್ನಾಗಿತ್ತು, ಬಾಡಿದೆ. ತೆರೆದು ನಾಲ್ಕು ದಿನ ಆಗಿರಬೇಕು." ಸೋಮವಾರದಿಂದ ಶುಕ್ರವಾರ, ಮಗಳೇ. ನೀನೇ ಎಣಿಸಿ ನೋಡು.