ಮೀನುಬುಟ್ಟಿಯ ಮಹಜರು

ಕಡಬ
೭-೨-೧೯೭೯

ಚಿರಂಜೀವಿ ಸಲಾಮನಿಗೆ ನಿನ್ನ ಮಾಸ್ತರನ ಆಶೀರ್ವಾದಗಳು.

ನೀನು ಬಂಧನದಲ್ಲಿದ್ದು ಹನ್ನೊಂದು ದಿನಗಳಾದವು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ವಕೀಲರೊಬ್ಬರು ದೊರೆಯುವ ಮೊದಲು ಬರಿಯ ಸಮಾಧಾನ ಬರೆಯಲು ಮನಸ್ಸು ಒಪ್ಪಲಿಲ್ಲ. ಕಾರಣ ಅದೊಂದೇ ಅಲ್ಲ.

ನಿನ್ನೆ ನಿನ್ನ ತಾಯಿ ಝುಬೈದಾಳೊಂದಿಗೆ ಪುತ್ತೂರಿಗೆ ಹೋಗಿ ವಕೀಲ ಶೀನಪ್ಪನವರನ್ನು ಕಂಡೆ. "ಬರೀ ಕಳವು ಅಂತ ಇದ್ದಿದ್ರೆ ಸುಲಭ ಇತ್ತು ಮಾಸ್ಟ್ರೇ. ರಾಹೇಲಮ್ಮನಿಗೆ ಚೂರಿ ತೋರಿಸಿ ಸರ ಕಿತ್ತದ್ದು ಅಂತ ಬರೆದದ್ದುಂಟು. ಹೆದರಿಸಿ ತೆಗೆದ್ರೆ ಅದು ಸುಲಿಗೆ; ಹತ್ತು ವರ್ಷದವರೆಗೆ ಹಾಕ್ಬಹುದು" ಎಂದರು.

"ಮೀನು ಮಾರುವವನ ಬುಟ್ಟಿಯಲ್ಲಿ ಚೂರಿ ಅಲ್ಲದೆ ಮಲ್ಲಿಗೆ ಇರ್ತದಾ ವಕೀಲ್ರೇ?" ಎಂದಳು ಝುಬೈದಾ, ಕಣ್ಣೊರೆಸಿಕೊಳ್ಳುತ್ತಲೇ. ಶೀನಪ್ಪನವರು ನಕ್ಕು ಅದನ್ನು ಬರೆದುಕೊಂಡರು, ಮೊಕದ್ದಮೆಯನ್ನೂ ಒಪ್ಪಿಕೊಂಡರು. ನಾಳೆ ಅವರೇ ವಕಾಲತ್ತಿನ ಕಾಗದಕ್ಕೆ ನಿನ್ನ ಸಹಿ ಪಡೆಯಲು ಅಲ್ಲಿಗೆ ಬರುತ್ತಾರೆ. ಪೊಲೀಸರ ಮುಂದೆ ನೀನು ಒಪ್ಪಿಕೊಂಡೆಯೆಂದು ಬರೆದಿದ್ದರೂ ಅದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲವಂತೆ, ಅಂಜಬೇಡ.

ಸರ ಕಳೆದುಕೊಂಡ ರಾಹೇಲಮ್ಮನವರ ಮನೆಗೂ ಹೋಗಿದ್ದೆ. "ಮುಖಕ್ಕೆ ಬೈರಾಸು ಕಟ್ಟಿದ್ದ. ಆದ್ರೆ ಸಲಾಂ ಅಲ್ಲವೇ ಅಲ್ಲ. ಅವ ಗೇಟಿಗೆ ಮುಟ್ಟುವ ಮೊದ್ಲೇ ನಮ್ಮ ಬೆಕ್ಕಿಗೆ ಗೊತ್ತಾಗ್ತದೆ, ನನಗೆ ಗೊತ್ತಾಗುದಿಲ್ವಾ ಮಾಸ್ಟ್ರೇ?" ಎಂದರು. ನ್ಯಾಯಾಧೀಶರ ಮುಂದೆಯೂ ಹೀಗೆಯೇ ಹೇಳುವರಂತೆ, ಬೆಕ್ಕಿನ ಸಮೇತ.

ಸೋಮವಾರ ಜಾಮೀನಿನ ಅರ್ಜಿ ವಿಚಾರಣೆಗೆ ಬರುತ್ತದೆ. ಸಾಕ್ಷಿಗಳ ಎದುರಿನಲ್ಲಿಯೇ ನಿನ್ನ ಬುಟ್ಟಿಯಿಂದ ಸರ ತೆಗೆದರೆಂದು ಹೇಳುವ ಮಹಜರು ಮಾತ್ರ ನಿನಗೆ ಅಡ್ಡವಾಗಿದೆ. ಅದು ಬಿದ್ದರೆ ಮೊಕದ್ದಮೆಯೇ ಬಿದ್ದಂತೆ ಎಂಬುದು ಶೀನಪ್ಪನವರ ಅಭಿಪ್ರಾಯ.

ಹೊತ್ತಿಗೆ ಸರಿಯಾಗಿ ಉಣ್ಣು. ನಮಾಜು ತಪ್ಪಿಸಬೇಡ. ನಿನ್ನ ತಾಯಿ ಬಡಿಸಿದ ಅನ್ನವನ್ನು ಬೇಗನೆ ಉಣ್ಣುವ ಭಾಗ್ಯ ನಿನಗಿರಲಿ.

ನಿನ್ನ ಹಿತವನ್ನೇ ಬಯಸುವ,
ತ್ಯಾಂಪಣ್ಣ ಮಾಸ್ತರ

ವಿ.ಸೂ.: ಆ ಮಹಜರಿನ ಮೊದಲ ಸಹಿ ನನ್ನದು. ನಿನ್ನನ್ನು ಹಿಡಿದ ದಿನ ಪೊಲೀಸರು ನನ್ನನ್ನು ಠಾಣೆಗೆ ಕರೆಸಿ, ಕುರ್ಚಿ ಕೊಟ್ಟು, "ನಿಮ್ಮಂಥವರ ಸಹಿ ಇದ್ರೆ ಕಾಗದಕ್ಕೊಂದು ತೂಕ ಮಾಸ್ಟ್ರೇ, ಬರೆಯುದು ನಾವು ಮತ್ತೆ ಬರಿತೇವೆ" ಎಂದರು. ಯಾರ ವಿಷಯವೆಂದೂ ಕೇಳದೆ, ಖಾಲಿ ಹಾಳೆಗೆ ಸಹಿ ಹಾಕಿ, ಚಹಾ ಕುಡಿದು ಬಂದೆ. ನಿನ್ನ ಬುಟ್ಟಿಯನ್ನಾಗಲಿ ಆ ಸರವನ್ನಾಗಲಿ ನಾನು ಕಂಡೇ ಇಲ್ಲ. ಶೀನಪ್ಪನವರಿಗೆ ಎಲ್ಲವನ್ನೂ ತಿಳಿಸಿದ್ದೇನೆ. ಕಟಕಟೆಯಲ್ಲಿ ನಿಂತು ಇದನ್ನೇ ಹೇಳುತ್ತೇನೆ. ನನಗೆ ಬರುವುದು ಬರಲಿ. ಈ ಪತ್ರವನ್ನು ಅಲ್ಲಿ ಒಡೆದು ಓದುವರೆಂದು ಬಲ್ಲೆ, ಓದಲಿ.

ನಿನ್ನ ತಾಯಿಗೆ ಮಾತ್ರ ಇನ್ನೂ ಹೇಳಲಾಗಿಲ್ಲ. ನಿನ್ನೆ ಹಿಂದಿರುಗುವಾಗ ಬಸ್ಸಿನಲ್ಲಿ, "ನೀವೊಬ್ರು ಇಲ್ಲದಿದ್ರೆ ನಮಗೆ ಯಾರುಂಟು ಮಾಸ್ಟ್ರೇ?" ಎಂದಳು. ನಾನು ಕಂಡಕ್ಟರನನ್ನು ಕರೆದು ಇಬ್ಬರಿಗೂ ಕಡಬದ ಟಿಕೇಟು ತೆಗೆದೆ.